ಸೊಂಟ ಹಿಡ್ಕೊಂಡಾಗ ಮಲಗಿಬಿಡ್ಬೇಡಿ: ರೇಷ್ಮೆ ಮನೇಲಿ ನನ್ನ ಅನುಭವ

ನಮ್ಮದು ಶಿಡ್ಲಘಟ್ಟದ ಕಡೆ ಹಳ್ಳಿ, ರೇಷ್ಮೆ ಬೆಳೆ. ಹುಳ ಸಾಕೋರಿಗೆ ಗೊತ್ತು, ನಾಲ್ಕನೇ ಜ್ವರ (ಹುಳ ಮೇವು ಬಿಟ್ಟು ಪೊರೆ ಕಳಚೋದಕ್ಕೆ ನಾವು ಹಂಗಂತೀವಿ) ಎದ್ದಮೇಲೆ ಹಣ್ಣಾಗೋವರ್ಗೂ, ಅಂದ್ರೆ ಗೂಡು ಕಟ್ಟಕ್ಕೆ ರೆಡಿಯಾಗೋವರ್ಗೂ ಇರೋ 7-8 ದಿನ ಯಾರಿಗೂ ಪುರುಸೊತ್ತಿರಲ್ಲ, ಇಡೀ ಬೆಳೆಗೆ ಬೇಕಾದ ಸೊಪ್ಪಲ್ಲಿ ನೂರಕ್ಕೆ 80 ಭಾಗ ಅಷ್ಟರಲ್ಲೇ ಖಾಲಿ. ಸರಿಯಾಗಿ ಆವಾಗ್ಲೇ, ಬೆಳಗ್ಗೆ ಬೆಳಗ್ಗೆ ತೋಟದಲ್ಲಿ ಸೊಪ್ಪಿನ ಹೊರೆ ಎತ್ತಿ ಪಕ್ಕಕ್ಕೆ ತಿರುಗ್ತಿದ್ದಂಗೆ ನನ್ನ ಸೊಂಟ ಚಳಕ್ ಅಂತ ಹಿಡ್ಕೊಂಡ್ತು. ಮುಂದಕ್ಕೂ ಬಗ್ಗಕ್ಕಾಗಲ್ಲ ನೆಟ್ಟಗೂ ನಿಲ್ಲಕ್ಕಾಗಲ್ಲ, ಕೆಮ್ಮಿದ್ರೆ ಜೀವ ಹೋದಂಗೆ.

ಮನೇಲಿ ಎಲ್ರೂ ಮಲಕ್ಕೋ ಮಲಕ್ಕೋ ಅಂದ್ರು. ಪಕ್ಕದೂರಲ್ಲಿ ಕಾಲು ಮುಂದಾಗಿ ಹುಟ್ಟಿದೋರು ಒಬ್ರಿದಾರೆ, ಕಾಲಲ್ಲಿ ಒದ್ದು ಉಳುಕು ತೆಗೀತಾರೆ, ಕರ್ಕೊಂಡು ಹೋಗೋಣ ಅಂತ ನಮ್ಮತ್ತೆ ಒಂದೇ ಸಮ. ನಾನು ಬೇಡ ಅಂದೆ. ಏನಾಗಿದೆ ಅಂತ ಗೊತ್ತಿಲ್ದೆ ಬೆನ್ನ ಮೇಲೆ ತುಳಿಸ್ಕೊಳ್ಳೋದು, ಲಟಕ್ಕನ್ನಿಸೋದು ಯಾರೂ ಮಾಡಿಸ್ಬೇಡಿ ಅಂತ ಈಗ್ಲೂ ಹೇಳ್ತೀನಿ.

ನನ್ನ ತಂಗಿ ಮಗಳು ಫಿಸಿಯೋಥೆರಪಿ ಓದ್ತಾಳೆ. ಫೋನ್ ಮಾಡಿದ ತಕ್ಷಣ ಅವಳು ನೋವು ಎಷ್ಟಿದೆ ಅಂತ ಕೇಳ್ಲಿಲ್ಲ, "ದೊಡ್ಡಮ್ಮ, ಉಚ್ಚೆ ಸರಿಯಾಗಿ ಹೋಗ್ತಿದ್ಯಾ? ತೊಡೆ ಸಂದೀಲಿ ಕೂರೋ ಜಾಗದಲ್ಲಿ ಮರಗಟ್ಟಿದಂಗೆ ಇದ್ಯಾ? ಕಾಲಲ್ಲಿ ಶಕ್ತಿ ಹೋಗಿದ್ಯಾ? ಜ್ವರ ಇದ್ಯಾ?" ಅಂತ ಒಂದರ ಹಿಂದೆ ಒಂದು ಕೇಳಿದ್ಲು. ಇದನ್ನ ದಯವಿಟ್ಟು ನೆನಪಿಟ್ಕೊಳ್ಳಿ. ಉಚ್ಚೆ ಕಟ್ಟೋದು ಅಥವಾ ಗೊತ್ತಾಗ್ದೆ ಹೋಗೋದು, ಆ ಜಾಗ ಮರಗಟ್ಟೋದು, ಪಾದ ಎತ್ತಕ್ಕಾಗ್ದೆ ಎಳೆಯೋದು, ಇವು ಇದ್ರೆ ನರದ ಗೊಂಚಲು ಒತ್ತಿದೆ ಅಂತ ಅರ್ಥ ಇರಬಹುದು, ಆವತ್ತೇ ದೊಡ್ಡಾಸ್ಪತ್ರೆಗೆ ಹೋಗ್ಬೇಕು, ಶಾಖ ಎಣ್ಣೆ ಅಂತ ಕೂರೋ ಹಂಗಿಲ್ಲ. ನನಗೆ ಅವು ಯಾವ್ದೂ ಇರ್ಲಿಲ್ಲ. ಹಂಗಿದ್ರೂ ಡಾಕ್ಟ್ರ ಹತ್ರ ಹೋದೆ, ಅವರು ಅಂಗಾತ ಮಲಗಿಸಿ ಒಂದೊಂದೇ ಕಾಲು ನೆಟ್ಟಗೆ ಎತ್ತಿಸಿದ್ರು, ಮಂಡಿ ಕೆಳಗೆ ತಟ್ಟಿದ್ರು, ಹೆಬ್ಬೆರಳು ಮೇಲಕ್ಕೆ ಎಳಿ ಅಂತ ಒತ್ತಿ ಹಿಡಿದ್ರು. ಈಗ್ಲೇ ಎಕ್ಸ್‌ರೇ ಸ್ಕ್ಯಾನಿಂಗ್ ಏನೂ ಬೇಡ, ಇಂಥ ನೋವು ಬಹಳಷ್ಟು ಜನಕ್ಕೆ 4ರಿಂದ 6 ವಾರದೊಳಗೆ ತಾನೇ ಕಮ್ಮಿಯಾಗುತ್ತೆ ಅಂದ್ರು. ನೋವಿನ ಮಾತ್ರೆ ಊಟ ಆದ್ಮೇಲೆ ಕೆಲವೇ ದಿನಕ್ಕೆ ಅಂತ ಕೊಟ್ರು. ಆ ಮಾತ್ರೆ ಹೊಟ್ಟೆ ಹುಣ್ಣು, ಕಿಡ್ನಿ ತೊಂದ್ರೆ, ಬಿಪಿ ಇರೋರಿಗೆ ಆಗ್ಬರಲ್ಲ, ಅದಕ್ಕೇ ನಮ್ಮತ್ತೆ ಮಂಡಿನೋವಿಗೆ ಒಂದು ಕೊಡೇ ಅಂದಾಗ ಕೊಡ್ಲಿಲ್ಲ.

ಮಲಗೇ ಇರೋದು ಬೇಡ ಅಂತ ಇಬ್ರೂ ಹೇಳಿದ್ರು, ಡಾಕ್ಟ್ರೂ ನಮ್ಮ ಹುಡುಗೀನೂ. ತುಂಬಾ ಹಿಡ್ಕೊಂಡಾಗ ಸ್ವಲ್ಪ ಹೊತ್ತು ಸರಿ, ದಿನಗಟ್ಟಲೆ ಮಲಗಿದ್ರೆ ಬಿಗಿ ಇನ್ನೂ ಜಾಸ್ತಿ. ಮಲಗಿದಾಗ ಅಂಗಾತ ಮಲಗಿ ಎರಡೂ ಮೀನಗಂಡ ಪ್ಲಾಸ್ಟಿಕ್ ಚೇರ್ ಮೇಲೆ ಇಟ್ಕೋತಿದ್ದೆ, ಮಂಡಿ ಸೊಂಟ ಎರಡೂ ಮಡಚಿದಂಗೆ ಇರುತ್ತೆ, ಅದರಷ್ಟು ಹಾಯೆನಿಸಿದ್ದು ಬೇರೆ ಇಲ್ಲ. ರಾತ್ರಿ ಮಗ್ಗುಲಾಗಿ ಮಲಗಿ ಮಂಡಿ ಮಧ್ಯೆ ದಿಂಬು. ಏಳೋವಾಗ ನೆಟ್ಟಗೆ ಎದ್ದು ಕೂರಕ್ಕೆ ಹೋಗ್ಬಾರ್ದು. ಮೊದ್ಲು ಮಂಡಿ ಮಡಚಿ, ಭುಜ ಸೊಂಟ ಒಟ್ಟಿಗೇ ಮಗ್ಗುಲಿಗೆ ಹೊರಳಿ, ಕಾಲು ಮಂಚದಿಂದ ಕೆಳಗೆ ಇಳಿಬಿಟ್ಟು, ಅದೇ ಹೊತ್ತಿಗೆ ಕೈಯೂರಿ ಮೈ ಎತ್ತಬೇಕು. ನಿಧಾನ ಅನಿಸುತ್ತೆ, ಆದ್ರೆ ಆ ಚಳಕು ಹೊಡಿಯಲ್ಲ.

ಬಾಮು, ಸ್ಪ್ರೇ ನಾನು ಹಚ್ಚಲಿಲ್ಲ, ಘಾಟು ವಾಸನೆ ಇಟ್ಕೊಂಡು ಹುಳದ ಮನೆ ಒಳಗೆ ಹೋಗೋದು ನಮ್ಮಲ್ಲಿ ಇಲ್ಲ. ಕಲ್ಲುಪ್ಪು ಬಾಣಲೇಲಿ ಬಿಸಿ ಮಾಡಿ ದಪ್ಪ ಬಟ್ಟೇಲಿ ಗಂಟು ಕಟ್ಟಿ ಸೊಂಟಕ್ಕೆ ಶಾಖ ಕೊಟ್ಕೊಂಡೆ, ಹೊತ್ತೊತ್ತಿಗೆ ಕಾಲು ಗಂಟೆ. ಮೊದ್ಲು ಕೈ ಹಿಂದೆ ಮುಟ್ಟಿಸಿ ಬಿಸಿ ನೋಡ್ಕೊಳ್ಳಿ, ಶುಗರ್ ಇರೋ ಕೆಲವರಿಗೆ ಸುಟ್ಟಿದ್ದೇ ಗೊತ್ತಾಗಲ್ಲ. ಶಾಖ ಆದ್ಮೇಲೆ ಮೈ ಸಡಿಲ ಇರೋವಾಗ್ಲೇ ಎದ್ದು ಅಂಗಳದಲ್ಲಿ ನಡೀತಿದ್ದೆ, ಮೊದ್ಲು ಬಾವಿಕಟ್ಟೆವರ್ಗೂ, ಆಮೇಲೆ ತೋಟದ ಬದುವರ್ಗೂ. ನೋವು ಇರುತ್ತೆ, ನೋವಿದೆ ಅಂದ ಮಾತ್ರಕ್ಕೆ ಒಳಗೆ ಏನೋ ಮುರೀತಿದೆ ಅಂತಲ್ಲ, ಅದನ್ನ ತಲೇಲಿ ಇಟ್ಕೊಂಡ್ಮೇಲೆ ಅರ್ಧ ಭಯ ಹೋಯ್ತು. ನಡೀತಾ ನಡೀತಾ ನೋವು ಕಾಲಿಗೆ ಇಳಿದು ಪಾದದ ಕಡೆಗೆ ಹೋಗ್ತಿದ್ರೆ ಮಾತ್ರ ನಿಲ್ಲಿಸಿ ಡಾಕ್ಟ್ರಿಗೆ ಹೇಳ್ಬೇಕು.

ಹುಳ ಅಂತೂ ಕಾಯಲ್ವಲ್ಲ. ಹುಳ ಸಾಕೋ ಸ್ಟ್ಯಾಂಡಲ್ಲಿ ನಾನು ಸೊಂಟದ ಎತ್ತರದ ಅಂತಸ್ತಿಗೆ ಮಾತ್ರ ಸೊಪ್ಪು ಹಾಕ್ತಿದ್ದೆ, ಕೆಳಗಿನ ಅಂತಸ್ತು ನಮ್ಮನೆಯವ್ರು ಮಕ್ಕಳು ನೋಡ್ಕೊಂಡ್ರು. ಮುದ್ದೆ ತೊಳಸೋ ಕೆಲಸಾನೂ ಅವರಿಗೇ, ಬಗ್ಗಿ ಕೋಲು ತಿರುವೋದು ಸೊಂಟಕ್ಕೆ ಎಷ್ಟು ಭಾರ ಅಂತ ಹೆಂಗಸರಿಗೆ ಹೇಳ್ಬೇಕಿಲ್ಲ.

ಇನ್ನೊಂದು ವಿಷಯ ಗೊತ್ತಾಗಿದ್ದು ನನಗೆ ಬಹಳ ಉಪಯೋಗಕ್ಕೆ ಬಂತು. ಬೆನ್ನುಮೂಳೆ ಮಧ್ಯದ ಡಿಸ್ಕು ರಾತ್ರಿಯೆಲ್ಲಾ ನೆನೆಹಾಕಿದ ಕಡ್ಲೆ ಥರ ನೀರು ಹೀರ್ಕೊಂಡು ಉಬ್ಬಿರುತ್ತಂತೆ, ಎದ್ದ ತಕ್ಷಣ ಬಗ್ಗಿದ್ರೆ ಅದರ ಮೇಲೆ ಜಾಸ್ತಿ ಒತ್ತಡ ಬೀಳುತ್ತೆ. ನಾವು ಮಾಡೋದು ಅದನ್ನೇ, ಸೊಪ್ಪು ಬಾಡಬಾರ್ದು ಅಂತ ತಂಪು ಹೊತ್ತಲ್ಲಿ ಎದ್ದವರೇ ಬಗ್ಗಿ ಕೊಯ್ಯೋದು, ಹೊರೆ ಎತ್ತೋದು. ಕೊಯ್ಲಿನ ಹೊತ್ತು ಬದಲಾಯಿಸೋಕಾಗಲ್ಲ, ಅದಕ್ಕೇ ಈಗ ಸ್ವಲ್ಪ ಬೇಗ ಎದ್ದು ಹಸು ಕಡೆ ನೋಡ್ಕೊಂಡು, ಓಡಾಡ್ಕೊಂಡು ಆಮೇಲೆ ತೋಟಕ್ಕೆ ಇಳೀತೀನಿ. ಹೊರೆ ಚಿಕ್ಕದಾಗಿ ಕಟ್ಟಿ ಮೈಗೆ ಆನಿಸ್ಕೊಂಡು ಎತ್ತೋದು, ತಿರುಗ್ಬೇಕಂದ್ರೆ ಸೊಂಟ ತಿರುವದೆ ಪಾದಾನೇ ತಿರುಗಿಸೋದು. ನಾಲ್ಕು ಸಲ ಹೆಚ್ಚಿಗೆ ಓಡಾಡ್ಬೇಕು, ಓಡಾಡ್ತೀನಿ.

ಇಷ್ಟೆಲ್ಲಾ ಹೇಳಿದ್ದು ನನ್ನಂಥ ದುಡಿಯೋ ವಯಸ್ಸಿನೋರಿಗೆ. ನಮ್ಮತ್ತೆಯಂಥ ವಯಸ್ಸಾದೋರು ಜಾರಿ ಕೂತು ಆಮೇಲೆ ಸೊಂಟ ನೋವು ಅಂದ್ರೆ, ಸಣ್ಣ ಪೆಟ್ಟೇ ಆಗಿರ್ಲಿ, ಅವರ ಮೂಳೆ ಸವೆದಿರುತ್ತೆ, ಬಿರುಕು ಬಿಟ್ಟಿರಬಹುದು. ಅವರಿಗೆ ಉಪ್ಪಿನ ಶಾಖ ಕೊಡ್ತಾ ಕಾಯ್ಬೇಡಿ, ಮೊದ್ಲು ಎಕ್ಸ್‌ರೇ ತೆಗೆಸಿ. ಕ್ಯಾನ್ಸರ್‌ಗೆ ಟ್ರೀಟ್‌ಮೆಂಟ್ ತಗೊಂಡಿರೋರು, ಕಾರಣ ಇಲ್ದೆ ತೂಕ ಇಳೀತಿರೋರು, ರಾತ್ರಿ ಮಲಗಿದ್ರೂ ನೋವು ಬಿಡದೇ ಇರೋರು, ಇವರೂ ಅಷ್ಟೇ, ಮೊದ್ಲು ಡಾಕ್ಟ್ರಿಗೆ ತೋರ್ಸಿ.