ಕನ್‌ಸ್ಟ್ರಕ್ಷನ್ ಮ್ಯಾನೇಜ್‌ಮೆಂಟ್ ಓದಬೇಕಾ? ಮೊದಲು ಕಟ್ಟುವುದು, ಆಮೇಲೆ ಕಟ್ಟಿಸುವುದು

ಹೊಸನಗರದಿಂದ ಅಕ್ಕನ ಮಗಳು ಫೋನ್ ಮಾಡಿದ್ದಳು. ಸೆಕೆಂಡ್ ಪಿಯುಸಿ ಸೈನ್ಸ್. "ಮಾವ, ಸಿಇಟಿ ಕೋರ್ಸ್ ಲಿಸ್ಟ್ ಪೂರ್ತಿ ಜಾಲಾಡಿದೆ. ಶಿವಮೊಗ್ಗದಲ್ಲಿ ಕನ್‌ಸ್ಟ್ರಕ್ಷನ್ ಮ್ಯಾನೇಜ್‌ಮೆಂಟ್ ಅನ್ನೋದೇ ಇಲ್ವಲ್ಲ?" ಅಂದಳು.

ಇಲ್ಲ. ನಮ್ಮ ಕಡೆ ಈ ಓದಿಗೆ ಹೆಬ್ಬಾಗಿಲು ಅಂದ್ರೆ ಸಿವಿಲ್ ಎಂಜಿನಿಯರಿಂಗ್. ಕಟ್ಟುವುದು ಹೇಗೆ ಅಂತ ಮೊದಲ ಡಿಗ್ರಿಯಲ್ಲಿ ಕಲಿಯಬೇಕು, ಕಟ್ಟಿಸುವುದು ಹೇಗೆ ಅಂತ ಎರಡನೇ ಡಿಗ್ರಿಯಲ್ಲಿ. ಹೊರದೇಶಗಳಲ್ಲಿ ಪಿಯುಸಿ ಮುಗಿಸಿದವರಿಗೆ ನೇರ ಇದೇ ಹೆಸರಿನ ಡಿಗ್ರಿ ಸಿಗುತ್ತದೆ, ಅದನ್ನು ಕೊನೆಗೆ ಹೇಳುತ್ತೇನೆ. ನಾನು ಭದ್ರಾವತಿಯಲ್ಲಿ ಡಿಪ್ಲೊಮಾ ಮಾಡಿ, ಆಮೇಲೆ ಬಿ.ಇ. ಮಾಡಿ, ಸೈಟಲ್ಲಿ ಧೂಳು ಕುಡಿದು ಎಂ.ಟೆಕ್. ಮಾಡಿದವನು. ಹಾಗಾಗಿ ಪುಸ್ತಕದ ಮಾತಿಗಿಂತ ಬಿದ್ದು ಎದ್ದ ಮಾತೇ ಇಲ್ಲಿ ಜಾಸ್ತಿ.

ಈ ಓದಿನಲ್ಲಿ ಏನಿರುತ್ತದೆ?

ಒಂದು ಮನೆ ತಗೊಳ್ಳಿ, ತೀರ್ಥಹಳ್ಳಿ ಕಡೆಯದು. ಜೂನ್ ಬಂದರೆ ಮಳೆ ಹಿಡಿಯುತ್ತದೆ, ಅಷ್ಟರೊಳಗೆ ಸ್ಲ್ಯಾಬ್ ಬೀಳಬೇಕು. ಅಂದ್ರೆ ಮೇ 31 ಕೊನೇ ದಿನ. ಪಾಯಕ್ಕೆ 25 ದಿನ, ಜಂಬಿಟ್ಟಿಗೆ ಗೋಡೆಗೆ 20 ದಿನ, ಸೆಂಟ್ರಿಂಗ್ ಮತ್ತು ಕಂಬಿ ಕಟ್ಟಲು 12 ದಿನ, ಕಾಂಕ್ರೀಟ್ ಹಾಕಲು 1 ದಿನ. ಒಟ್ಟು 58 ದಿನ. ಹಿಂದಕ್ಕೆ ಎಣಿಸಿದರೆ ಏಪ್ರಿಲ್ 4ಕ್ಕೆ ಗುದ್ದಲಿ ಬಿದ್ದರೆ ಸಾಕು, ಅಲ್ವಾ?

ಸಾಲದು. ಬಾಗಿಲು, ಕಿಟಕಿಯ ಚೌಕಟ್ಟು ನಿಲ್ಲಿಸಿಕೊಂಡೇ ಗೋಡೆ ಏಳಬೇಕು. ಹಲಸಿನ ಮರದ ಚೌಕಟ್ಟಿಗೆ ಆಚಾರ್ರು 30 ದಿನ ಕೇಳಿದ್ದಾರೆ. ಪಾಯ 25 ದಿನಕ್ಕೆ ಮುಗಿದರೂ ಚೌಕಟ್ಟು ಬಂದಿರುವುದಿಲ್ಲ, ಮೇಸ್ತ್ರಿ ಮತ್ತು ಆಳುಗಳು ಐದು ದಿನ ಬೀಡಿ ಸೇದುತ್ತಾ ಕೂರುತ್ತಾರೆ. ಅಂದ್ರೆ ಈ ಮನೆಯ ನಿಜವಾದ ಲೆಕ್ಕ 30 ಕೂಡಿಸು 20 ಕೂಡಿಸು 12 ಕೂಡಿಸು 1, ಒಟ್ಟು 63 ದಿನ. ಕೆಲಸ ಶುರುವಾಗುವುದು ಏಪ್ರಿಲ್ 4ಕ್ಕೆ ಪಾಯದ ಗುಂಡಿಯಲ್ಲಿ ಅಲ್ಲ, ಮಾರ್ಚ್ 30ಕ್ಕೆ ಆಚಾರ್ರ ಕೊಟ್ಟಿಗೆಯಲ್ಲಿ. ಈ ಉದ್ದದ ದಾರಿಗೇ ಕ್ರಿಟಿಕಲ್ ಪಾತ್ ಅನ್ನುತ್ತಾರೆ. ಅದರಲ್ಲಿ ಒಂದು ದಿನ ತಡವಾದರೆ ಇಡೀ ಮನೆ ಒಂದು ದಿನ ತಡ. ಪಾಯದ ಕೆಲಸ ಐದು ದಿನ ಹಿಂದೆ ಮುಂದೆ ಆದರೆ ಏನೂ ಆಗುವುದಿಲ್ಲ. 1950ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಹುಟ್ಟಿದ ಲೆಕ್ಕ ಇದು, ಸೇತುವೆಗೂ ಬರುತ್ತದೆ, ಮನೆಗೂ ಬರುತ್ತದೆ.

ನಾನು ಇದನ್ನು ಕ್ಲಾಸಲ್ಲಿ ಕಲಿತು ಮಾರ್ಕ್ಸ್ ತಗೊಂಡು, ಮೊದಲ ಸೈಟಲ್ಲೇ ಚೌಕಟ್ಟು ಮರೆತೆ. ಅದೂ ಸಾಲದು ಅಂತ ಹೆಬ್ಬಾಗಿಲು ನಿಲ್ಲಿಸುವ ಪೂಜೆಗೆ ಮನೆಯವರು ಮುಹೂರ್ತ ಬೇರೆ ಇಟ್ಟಿದ್ದರು. ಮುಹೂರ್ತದ ದಿನ ಬಾಗಿಲೇ ಬಂದಿರಲಿಲ್ಲ. ಆ ಯಜಮಾನರು ಈಗಲೂ ಸಂತೆಯಲ್ಲಿ ಸಿಕ್ಕರೆ "ಬಾಗಿಲು ಬಂತಾ ಎಂಜಿನಿಯರ್ರೇ?" ಅಂತಾರೆ.

ಇದರ ಜೊತೆಗೆ ಖರ್ಚಿನ ಎಸ್ಟಿಮೇಟ್, ಟೆಂಡರ್, ಕರಾರು, ಬಿಲ್ಲು, ಗುಣಮಟ್ಟ, ಆಳುಗಳ ಸುರಕ್ಷತೆ. ಇಷ್ಟೂ ಸೇರಿದರೆ ಕನ್‌ಸ್ಟ್ರಕ್ಷನ್ ಮ್ಯಾನೇಜ್‌ಮೆಂಟ್.

ಹೆಜ್ಜೆ 1: ಪಿಯುಸಿಯಲ್ಲಿ ಮ್ಯಾಥ್ಸ್ ಬಿಡಬೇಡಿ

ಬಿ.ಇ. ಸೀಟಿಗೆ ಫಿಸಿಕ್ಸ್ ಮತ್ತು ಮ್ಯಾಥ್ಸ್ ಕಡ್ಡಾಯ. ಮೂರನೆಯದು ಕೆಮಿಸ್ಟ್ರಿ, ಬಯಾಲಜಿ, ಕಂಪ್ಯೂಟರ್ ಸೈನ್ಸ್, ಎಲೆಕ್ಟ್ರಾನಿಕ್ಸ್ ಇಂಥವುಗಳಲ್ಲಿ ಒಂದು. ಈ ಮೂರೂ ಸೇರಿ ಜನರಲ್‌ನವರಿಗೆ 45 ಪರ್ಸೆಂಟ್, ಎಸ್‌ಸಿ, ಎಸ್‌ಟಿ ಮತ್ತು ಹಿಂದುಳಿದ ವರ್ಗದವರಿಗೆ 40 ಪರ್ಸೆಂಟ್ ಬೇಕು. ಇದು ಬಾಗಿಲ ಒಳಗೆ ಕಾಲಿಡಲು ಮಾತ್ರ. ಸೀಟು ಕೊಡಿಸುವುದು ರ್‍ಯಾಂಕ್.

ರ್‍ಯಾಂಕಿಗೆ ಪಿಯುಸಿಯ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಅಂಕ ಅರ್ಧ, ಸಿಇಟಿ ಅಂಕ ಇನ್ನರ್ಧ. ಸಿಇಟಿಯಲ್ಲಿ ಒಂದೊಂದು ವಿಷಯಕ್ಕೆ 60 ಪ್ರಶ್ನೆ, ತಪ್ಪಿದರೆ ಅಂಕ ಕಳೆಯುವುದಿಲ್ಲ. ಆದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಟ್ಟು ಬರಬೇಡಿ. ಬೋರ್ಡ್ ಪರೀಕ್ಷೆ ಬಿಟ್ಟು ಬರೀ ಸಿಇಟಿ ಕೋಚಿಂಗಿಗೆ ಓಡುವವರನ್ನು ಕಂಡರೆ ನನಗೆ ಬೇಜಾರು, ಅರ್ಧ ರ್‍ಯಾಂಕು ಬೋರ್ಡಲ್ಲೇ ಕೂತಿದೆ.

ಈಗ ಎಲ್ಲರೂ ಕಂಪ್ಯೂಟರ್ ಸೈನ್ಸಿಗೆ ಮುಗಿಬೀಳುವ ಕಾಲ. ಸಿವಿಲ್ ಸೀಟು ಅದಕ್ಕಿಂತ ಎಷ್ಟೋ ಹಿಂದಿನ ರ್‍ಯಾಂಕಿಗೂ ಸಿಗುತ್ತದೆ. ಶಿವಮೊಗ್ಗದಲ್ಲೇ ಜೆಎನ್‌ಎನ್‌ಸಿಇ ಇದೆ, ಚಿಕ್ಕಮಗಳೂರಲ್ಲಿ ಆದಿಚುಂಚನಗಿರಿ, ಹಾಸನದಲ್ಲಿ ಮಲೆನಾಡು ಎಂಜಿನಿಯರಿಂಗ್ ಕಾಲೇಜು, ದಾವಣಗೆರೆಯಲ್ಲಿ ಯುಬಿಡಿಟಿ. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಬಿ.ಟೆಕ್. ಬೇಕಿದ್ದರೆ ಸಿಇಟಿ ನಡೆಯುವುದಿಲ್ಲ, ಜೆಇಇ ಮೇನ್ ಬರೆಯಬೇಕು. ಅಲ್ಲಿ ಅರ್ಧ ಸೀಟು ನಮ್ಮ ರಾಜ್ಯದವರಿಗೇ. ಜೆಇಇ ಮೇನ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ, ಇದು ನಮ್ಮೂರ ಎಷ್ಟೋ ಮಕ್ಕಳಿಗೆ ಗೊತ್ತೇ ಇಲ್ಲ.

ಕಾಮರ್ಸ್ ಓದಿದವರಿಗೆ ಬಿ.ಇ. ದಾರಿ ಮುಚ್ಚಿದೆ. ಡಿಗ್ರಿ ಮುಗಿಸಿ ಎಂಬಿಎ ಮೂಲಕ ಕಟ್ಟಡ ಕಂಪನಿಯ ಫೈನಾನ್ಸ್, ಖರೀದಿ ಕಡೆಗೆ ಹೋಗಬಹುದು. ಸೈಟಿನ ಚುಕ್ಕಾಣಿ ಮಾತ್ರ ಕೈಗೆ ಬರುವುದು ಕಷ್ಟ.

ಇನ್ನೊಂದು ದಾರಿ: ಎಸ್ಸೆಸ್ಸೆಲ್ಸಿ ಆದಮೇಲೆ ಡಿಪ್ಲೊಮಾ

ಅಕ್ಕನ ಮಗ ಈ ವರ್ಷ ಎಸ್ಸೆಸ್ಸೆಲ್ಸಿ. ಅವನಿಗೂ ಇದೇ ಆಸೆಯಿದ್ದರೆ ಪಿಯುಸಿಯೇ ಬೇಡ ಅಂತ ನಾನು ಹೇಳಿಬಿಡುತ್ತೇನೆ. ಅಕ್ಕನಿಗೆ ಸಿಟ್ಟು ಬರುತ್ತದೆ, ಡಿಪ್ಲೊಮಾ ಅಂದ್ರೆ ಮಾರ್ಕ್ಸ್ ಕಮ್ಮಿ ಬಂದವರಿಗೆ ಅಂತ ಅವಳ ಲೆಕ್ಕ. ಆದರೆ ವರ್ಷ ಎಣಿಸಿ ನೋಡಿ. ಪಿಯುಸಿ 2, ಬಿ.ಇ. 4, ಒಟ್ಟು 6. ಡಿಪ್ಲೊಮಾ 3, ಆಮೇಲೆ ಡಿಸಿಇಟಿ (ಡಿಪ್ಲೊಮಾದವರ ಸಿಇಟಿ) ಬರೆದು ನೇರ ಬಿ.ಇ. ಎರಡನೇ ವರ್ಷಕ್ಕೆ ಸೇರಿದರೆ ಇನ್ನು 3, ಅದೂ 6. ಒಂದು ದಿನವೂ ನಷ್ಟ ಇಲ್ಲ. ಮೂರನೇ ವರ್ಷಕ್ಕೇ ಕೈಯಲ್ಲಿ ಕೆಲಸ ಸಿಗುವ ಸರ್ಟಿಫಿಕೇಟ್ ಇರುತ್ತದೆ, ಮನೆಯಲ್ಲಿ ಅಡಿಕೆ ರೇಟು ಬಿದ್ದ ವರ್ಷ ಅದು ದೊಡ್ಡ ಧೈರ್ಯ. ಸರ್ಕಾರಿ ಜೂನಿಯರ್ ಎಂಜಿನಿಯರ್ ಹುದ್ದೆಗೂ ಸಿವಿಲ್ ಡಿಪ್ಲೊಮಾ ಸಾಕು, ಅಸಿಸ್ಟೆಂಟ್ ಎಂಜಿನಿಯರ್ ಹುದ್ದೆಗೆ ಬಿ.ಇ. ಬೇಕು.

ಇದರ ತೊಂದರೆಯನ್ನೂ ಹೇಳಬೇಕು. ಡಿಪ್ಲೊಮಾದ ಮ್ಯಾಥ್ಸಿಗೂ ಬಿ.ಇ. ಮೂರನೇ ಸೆಮಿಸ್ಟರಿನ ಮ್ಯಾಥ್ಸಿಗೂ ನಡುವೆ ಒಂದು ಹಳ್ಳ ಇದೆ. ನಾನು ಅದರಲ್ಲಿ ಬಿದ್ದೆ, ಒಂದು ಪೇಪರ್ ಹೋಯಿತು. ಬಿ.ಇ. ಸೇರುವ ಮುಂಚಿನ ಎರಡು ತಿಂಗಳು ಪಿಯುಸಿಯ ಕ್ಯಾಲ್ಕುಲಸ್ ಓದಿಕೊಂಡಿದ್ದರೆ ಹಾಗಾಗುತ್ತಿರಲಿಲ್ಲ.

ಹೆಜ್ಜೆ 2: ಬಿ.ಇ. ನಾಲ್ಕು ವರ್ಷ

ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2022ರ ಸ್ಕೀಮಿನಲ್ಲಿ ಡಿಗ್ರಿಗೆ 160 ಕ್ರೆಡಿಟ್, ಎಂಟು ಸೆಮಿಸ್ಟರ್. ಸರ್ವೆ, ಸ್ಟ್ರಕ್ಚರ್, ಮಣ್ಣು, ಕಾಂಕ್ರೀಟ್, ನೀರು, ರಸ್ತೆ ಎಲ್ಲಾ ಓದಬೇಕು, ಜೊತೆಗೆ ಇಂಟರ್ನ್‌ಶಿಪ್, ಪ್ರಾಜೆಕ್ಟ್. ಮ್ಯಾನೇಜ್‌ಮೆಂಟ್ ಕಡೆ ಹೋಗುವವರು ಎರಡು ವಿಷಯ ಸುಮ್ನೆ ಪಾಸಾದರೆ ಸಾಲದು. ಒಂದು ಎಸ್ಟಿಮೇಷನ್ ಮತ್ತು ಕಾಂಟ್ರ್ಯಾಕ್ಟ್. ಇನ್ನೊಂದು ಕಾಂಕ್ರೀಟ್.

ಕಾಂಕ್ರೀಟ್ ಯಾಕೆ ಅಂದ್ರೆ, ವೇಳಾಪಟ್ಟಿ ಬರೆಯುವವರಿಗೆ ಅದು ಎಷ್ಟು ದಿನ ಕೇಳುತ್ತದೆ ಅಂತ ಗೊತ್ತಿರಬೇಕು. ಸ್ಲ್ಯಾಬ್ ಹಾಕಿದ ಮರುದಿನವೇ ಮಾಲೀಕರು "ಸೆಂಟ್ರಿಂಗ್ ಯಾವಾಗ ಬಿಚ್ತೀರಿ, ಬಾಡಿಗೆ ಏರ್ತಾ ಇದೆ" ಅನ್ನುತ್ತಾರೆ. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ಪ್ರಕಾರ ಆರ್ಡಿನರಿ ಪೋರ್ಟ್‌ಲ್ಯಾಂಡ್ (ಒಪಿಸಿ) ಸಿಮೆಂಟಲ್ಲಿ 4.5 ಮೀಟರ್ ಒಳಗಿನ ಸ್ಲ್ಯಾಬ್‌ನ ಅಡಿಯ ಸೆಂಟ್ರಿಂಗ್ ಕಂಬ ಕನಿಷ್ಠ 7 ದಿನ ನಿಲ್ಲಬೇಕು, ಅದಕ್ಕಿಂತ ಅಗಲ ಇದ್ದರೆ 14 ದಿನ. ಒಂದು ಬದಿ 150 ಮಿ.ಮೀ. ಇರುವ ಕ್ಯೂಬ್ ಎರಕ ಹೊಯ್ದು 28ನೇ ದಿನ ಒಡೆದು ನೋಡಿ ಶಕ್ತಿ ಅಳೆಯುತ್ತಾರೆ. ಮಳೆಗಾಲದಲ್ಲಿ ಕ್ಯೂರಿಂಗ್ ಬೇಡ ಅನ್ನುವ ಮೇಸ್ತ್ರಿಗಳು ನಮ್ಮಲ್ಲಿ ಬೇಕಾದಷ್ಟು. ಮಳೆ ಎರಡು ದಿನ ಹೊಳವಾದರೆ ಬಿಸಿಲಿಗೆ ಸ್ಲ್ಯಾಬ್ ಒಣಗುತ್ತದಲ್ಲ, ಆಗ ಯಾರು ನೀರು ಹೊಡೆಯುತ್ತಾರೆ?

ಆಟೋಕ್ಯಾಡ್, ಎಕ್ಸೆಲ್ ಕಾಲೇಜಲ್ಲೇ ಬರಲಿ. ವೇಳಾಪಟ್ಟಿ ಹಾಕುವ ಸಾಫ್ಟ್‌ವೇರ್‌ಗಳಾದ ಎಂಎಸ್ ಪ್ರಾಜೆಕ್ಟ್, ಪ್ರೈಮವೇರಾ ಆಮೇಲೆ ಕಲಿತರೂ ನಡೆಯುತ್ತದೆ. ಮೇಲಿನ ಚೌಕಟ್ಟಿನ ಲೆಕ್ಕ ಪೇಪರಲ್ಲಿ ಹಾಕಲು ಬರದವರಿಗೆ ಪ್ರೈಮವೇರಾ ಕಲಿಸಿ ಪ್ರಯೋಜನ ಇಲ್ಲ.

ಹೆಜ್ಜೆ 3: ಎರಡು ವರ್ಷ ಸೈಟು

ಇದು ಯಾವ ಯೂನಿವರ್ಸಿಟಿಯ ನಿಯಮವೂ ಅಲ್ಲ, ನನ್ನ ಹಟ. ಬಿ.ಇ. ಮುಗಿದ ಬೆನ್ನಿಗೇ ಎಂ.ಟೆಕ್. ಸೇರಬಹುದು, ಎಷ್ಟೋ ಜನ ಸೇರುತ್ತಾರೆ. ಆದರೆ ಆಳು ಬರದ ಸೋಮವಾರ ಏನು ಮಾಡಬೇಕು, ಮರಳಿನ ಲಾರಿ ಹಳ್ಳದ ಆಚೆ ನಿಂತರೆ ಯಾರಿಗೆ ಫೋನ್ ಹಚ್ಚಬೇಕು ಅಂತ ಗೊತ್ತಿಲ್ಲದೆ ಮ್ಯಾನೇಜ್‌ಮೆಂಟ್ ಕ್ಲಾಸಲ್ಲಿ ಕೂತರೆ ಎಲ್ಲವೂ ಬರೀ ಚಾರ್ಟ್. ಹುಡುಗಿಯರನ್ನು ಸೈಟಿಗೆ ಕಳಿಸಲು ಮನೆಯವರು ಹಿಂದೆಮುಂದೆ ನೋಡುತ್ತಾರೆ. ನಮ್ಮ ಸೈಟಲ್ಲಿ ಕ್ವಾಲಿಟಿ ಮತ್ತು ಬಿಲ್ಲಿಂಗ್ ಎರಡನ್ನೂ ನೋಡಿಕೊಂಡಿದ್ದವರು ಒಬ್ಬ ಹೆಣ್ಣುಮಗಳು, ಅವರು ಸಹಿ ಹಾಕದೆ ಒಂದು ಗಾಡಿ ಕಾಂಕ್ರೀಟ್ ಒಳಗೆ ಬರುತ್ತಿರಲಿಲ್ಲ.

ದೊಡ್ಡ ಕೆಲಸ ಹೇಗಿರುತ್ತದೆ ಅಂತ ನೋಡಬೇಕಿದ್ದರೆ ಸಿಗಂದೂರು ಸೇತುವೆಗೆ ಹೋಗಿ ಬನ್ನಿ. ಸುಮಾರು 2.4 ಕಿ.ಮೀ. ಉದ್ದ. 2018ರಲ್ಲಿ ಶಂಕುಸ್ಥಾಪನೆ ಆಗಿ 2025ರ ಜುಲೈ 14ಕ್ಕೆ ತೆರೆಯಿತು. ತುಮರಿ ಕಡೆಯವರು ಲಾಂಚಿಗೆ ಕಾದು ಕಾದು ವಯಸ್ಸಾದ ಜಾಗ ಅದು. ಕೆಳಗಿರುವುದು ಲಿಂಗನಮಕ್ಕಿ ಹಿನ್ನೀರು, ಮಳೆಗಾಲದಲ್ಲಿ ಏರುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ. ಅಂಥ ನೀರಲ್ಲಿ ಕಂಬ ಎಬ್ಬಿಸುವಾಗ ಕ್ಯಾಲೆಂಡರಲ್ಲಿ ನಿಮಗೆ ಎಷ್ಟು ತಿಂಗಳು ಸಿಗುತ್ತದೆ, ಯಂತ್ರ ಎಲ್ಲಿಂದ ಒಳಗೆ ಬರುತ್ತದೆ ಅಂತ ಸೇತುವೆ ಮೇಲೆ ನಿಂತು ಯೋಚಿಸಿ.

ಹೆಜ್ಜೆ 4: ಎರಡನೇ ಡಿಗ್ರಿ

ಮುಖ್ಯವಾಗಿ ಮೂರು ದಾರಿ.

ಗೇಟ್ ಅನ್ನುವ ಅಖಿಲ ಭಾರತ ಪರೀಕ್ಷೆ ಬರೆದು ಎಂ.ಟೆಕ್. ಮಾಡುವುದು ಮೊದಲನೆಯದು, ನನ್ನ ಓಟು ಇದಕ್ಕೇ. ಸುರತ್ಕಲ್‌ನಲ್ಲಿ ಕನ್‌ಸ್ಟ್ರಕ್ಷನ್ ಟೆಕ್ನಾಲಜಿ ಅಂಡ್ ಮ್ಯಾನೇಜ್‌ಮೆಂಟ್ ಇದೆ, ಐಐಟಿ ಮದ್ರಾಸ್, ಐಐಟಿ ದೆಹಲಿಯಲ್ಲೂ ಇದೇ ಬಗೆಯ ಎಂ.ಟೆಕ್. ಇದೆ. ಗೇಟ್ 100 ಅಂಕದ ಮೂರು ತಾಸಿನ ಪರೀಕ್ಷೆ, ಸ್ಕೋರಿಗೆ ಮೂರು ವರ್ಷ ಆಯುಸ್ಸು. ಅಂದ್ರೆ ಕೊನೇ ವರ್ಷ ಬರೆದಿಟ್ಟು, ಎರಡು ವರ್ಷ ಸೈಟಲ್ಲಿ ದುಡಿದು, ಅದೇ ಸ್ಕೋರಲ್ಲಿ ಸೀಟು ಕೇಳಬಹುದು. ಸಿವಿಲ್ ಪೇಪರಿನ ಸಿಲೆಬಸ್ಸಲ್ಲೇ ಪರ್ಟ್, ಸಿಪಿಎಂ, ಅಂದ್ರೆ ಮೇಲೆ ಹೇಳಿದ ಕ್ರಿಟಿಕಲ್ ಪಾತ್ ಬಗೆಯ ಲೆಕ್ಕಗಳು ಇವೆ. ಗೇಟ್ ಮೂಲಕ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್ ಇದೆ, ಓದಿಗಾಗಿ ತೋಟ ಅಡ ಇಡಬೇಕಿಲ್ಲ.

ಗೇಟ್ ಆಗಲಿಲ್ಲವೆಂದರೆ ಪಿಜಿಸಿಇಟಿ, ಅಂದ್ರೆ ನಮ್ಮ ರಾಜ್ಯದ ಪಿಜಿ ಪ್ರವೇಶ ಪರೀಕ್ಷೆ. ವಿಟಿಯು ಕಾಲೇಜುಗಳ ಎಂ.ಟೆಕ್. ಕನ್‌ಸ್ಟ್ರಕ್ಷನ್ ಟೆಕ್ನಾಲಜಿಗೆ ಇದರಲ್ಲಿ ಹೋಗಬಹುದು. ಬಿ.ಇ.ಯಲ್ಲಿ 50 ಪರ್ಸೆಂಟ್ ಬೇಕು, ಎಸ್‌ಸಿ, ಎಸ್‌ಟಿ, ಪ್ರವರ್ಗ 1ಕ್ಕೆ 45.

ಮೂರನೆಯದು ಎಂಬಿಎ ಕಡೆಯದು. ಪುಣೆಯ ನಿಕ್ಮಾರ್ 1983ರಿಂದ ಇದೇ ವಿಷಯಕ್ಕೆ ಮೀಸಲಾದ ಸಂಸ್ಥೆ. ಸಿವಿಲ್ ಮಾತ್ರವಲ್ಲ, ಬೇರೆ ಬ್ರಾಂಚಿನ ಎಂಜಿನಿಯರ್‌ಗಳನ್ನೂ ಆರ್ಕಿಟೆಕ್ಟ್‌ಗಳನ್ನೂ ತಗೊಳ್ಳುತ್ತಾರೆ, ಪ್ರವೇಶ ಪರೀಕ್ಷೆ ಅವರದೇ. ಇಂಥ ಖಾಸಗಿ ಕಡೆ ಫೀಸು ಲಕ್ಷಗಳ ಲೆಕ್ಕ. ಎಲ್ಲೇ ಸೇರಿದರೂ ದುಡ್ಡು ಕಟ್ಟುವ ಮೊದಲು ಒಂದು ಪ್ರಶ್ನೆ ಕೇಳಿ, ಕೊನೆಗೆ ಕೈಗೆ ಬರುವುದು ಡಿಗ್ರಿಯೋ, ಪಿಜಿ ಡಿಪ್ಲೊಮಾವೋ? ಕಂಪನಿಗಳು ಅಷ್ಟಾಗಿ ನೋಡುವುದಿಲ್ಲ, ಮುಂದೆ ಪಾಠ ಮಾಡುವ ಕೆಲಸವೋ ಪಿಎಚ್‌ಡಿಯೋ ಬೇಕಾದರೆ ಫಜೀತಿ.

ಹೊರದೇಶ, ಪಿಎಂಪಿ

ಅಮೆರಿಕದಲ್ಲಿ ನಾಲ್ಕು ವರ್ಷದ ಕನ್‌ಸ್ಟ್ರಕ್ಷನ್ ಮ್ಯಾನೇಜ್‌ಮೆಂಟ್ ಡಿಗ್ರಿ ಇದೆ, ಅಲ್ಲಿನ ಎಸಿಸಿಇ ಸಂಸ್ಥೆಯ ಮಾನ್ಯತೆ ಇದೆಯಾ ನೋಡಿ. ಇಂಗ್ಲೆಂಡಲ್ಲಿ ಮೂರು ವರ್ಷ, ಅಲ್ಲಿ ಸಿಐಒಬಿ ಸಂಸ್ಥೆಯ ಮಾನ್ಯತೆ. ಅಷ್ಟು ದುಡ್ಡು ಹಾಕುವುದಾದರೆ ಇಲ್ಲಿ ಬಿ.ಇ. ಮುಗಿಸಿ ಮಾಸ್ಟರ್ಸ್‌ಗೆ ಹೋಗುವುದೇ ಲೇಸು ಅಂತ ನನ್ನ ಲೆಕ್ಕ. ಪಿಎಂಪಿ (ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಪ್ರೊಫೆಷನಲ್) ಡಿಗ್ರಿಯಲ್ಲ, ಸರ್ಟಿಫಿಕೇಟ್. ನಾಲ್ಕು ವರ್ಷದ ಡಿಗ್ರಿ ಇದ್ದವರಿಗೆ ಪ್ರಾಜೆಕ್ಟ್ ನಡೆಸಿದ 36 ತಿಂಗಳ ಅನುಭವ, 35 ತಾಸಿನ ತರಬೇತಿ ಕೇಳುತ್ತಾರೆ. ಓದು ಮುಗಿದ ತಕ್ಷಣ "ಪಿಎಂಪಿ ಮಾಡಿಸ್ತೀವಿ" ಅನ್ನುವವರ ಮಾತಿಗೆ ಬೀಳಬೇಡಿ.

ಕಾಗದಪತ್ರ, ಈಗಲೇ

ಒಂದರಿಂದ ಹತ್ತನೇ ಕ್ಲಾಸಿನವರೆಗೆ ಹಳ್ಳಿ ಶಾಲೆಯಲ್ಲಿ ಓದಿದವರಿಗೆ ಸಿಇಟಿಯಲ್ಲಿ ಗ್ರಾಮೀಣ ಮೀಸಲಾತಿ 15 ಪರ್ಸೆಂಟ್, ಕನ್ನಡ ಮಾಧ್ಯಮಕ್ಕೆ 5 ಪರ್ಸೆಂಟ್. ನಮ್ಮ ಮಲೆನಾಡಿನ ಮಕ್ಕಳಿಗೆ ಎರಡೂ ಸಿಗಬಹುದು, ಕೇಳದೆ ಬಿಟ್ಟವರೂ ಇದ್ದಾರೆ. ಹೆಡ್ ಮಾಸ್ಟರ್ ಸಹಿಯ ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ ಮೇಲುಸಹಿ ಬೇಕು, ಜಾತಿ ಮತ್ತು ಆದಾಯ ಪತ್ರ ನಾಡಕಚೇರಿಯಲ್ಲಿ. ಐದನೇ ಕ್ಲಾಸಿನವರೆಗೆ ಒಂದು ಶಾಲೆ, ಆಮೇಲೆ ಇನ್ನೊಂದು ಅಂತಿದ್ದರೆ ಎರಡೂ ಶಾಲೆಗೆ ಹೋಗಬೇಕು. ರಜೆಯಲ್ಲಿ ಮೇಷ್ಟ್ರು ಊರಿಗೆ ಹೋಗಿರುತ್ತಾರೆ, ಸೀಟು ಹಂಚುವ ಹೊತ್ತಿಗೆ ಮಳೆ ಹಿಡಿದಿರುತ್ತದೆ, ಕರೆಂಟಿದ್ದರೆ ನೆಟ್‌ವರ್ಕ್ ಇಲ್ಲ, ನೆಟ್‌ವರ್ಕ್ ಇದ್ದರೆ ಕರೆಂಟಿಲ್ಲ. ಅಕ್ಕನ ಮಗಳಿಗೂ ಅದನ್ನೇ ಹೇಳಿದ್ದೇನೆ, ಆನ್‌ಲೈನಲ್ಲಿ ಕಾಲೇಜು ಆರಿಸುವ ಆಪ್ಷನ್ ಎಂಟ್ರಿ ದಿನ ಶಿವಮೊಗ್ಗಕ್ಕೇ ಬಂದುಬಿಡು, ಕಾಗದಗಳನ್ನು ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ತಗೊಂಡು ಬಾ.