ಶಂಕರಪುರದ ಮಲ್ಲಿಗೆ ದುಬೈ ಮುಟ್ಟಿದ ಲೆಕ್ಕ

“ಹೂ ಬಾಡದೆ ದುಬೈಗೆ ಮುಟ್ಟುವುದುಂಟಾ ಮಾರಾಯಾ?” ಎಂದು, ನಾನು ಉಡುಪಿ ಬದಿಯ ನಮ್ಮ ಶಂಕರಪುರದ ಮಲ್ಲಿಗೆಯನ್ನು ದುಬೈಯ ಮದುವೆಗೆ ಕಳಿಸಲು ಹೊರಟಾಗ ಕಟ್ಟೆಯಲ್ಲಿ ತಲೆ ಅಲ್ಲಾಡಿಸಿದವರೇ ಈ ಸಲದ ಮದುವೆ ಸೀಸನ್ನಿನಲ್ಲಿ ನನ್ನಿಂದ ಹೊತ್ತಿನ ಲೆಕ್ಕ ಬರೆಸಿಕೊಂಡು ಹೋದರು.

ಮೊದಲ ಸಲ ಹನ್ನೆರಡು ಅಟ್ಟೆ ಹಾಳಾಯಿತು; ಕಟ್ಟಿದ ಹೂವಿನ ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಅಟ್ಟೆಗೆ ಸಾವಿರದ ಐನೂರರ ಹಾಗೆ ಹತ್ತಿರ ಹತ್ತಿರ 18,000 ರೂಪಾಯಿ. ಮಂಗಳೂರಿನ ವಿಮಾನ ನಿಲ್ದಾಣ ಇರುವ ಬಜ್ಪೆಯಿಂದ ದುಬೈಗೆ ನೇರ ಹಾರಿದರೆ ಸುಮಾರು 2,460 ಕಿ.ಮೀ., ಮೂರೂಮುಕ್ಕಾಲು ಗಂಟೆ. ರಾತ್ರಿ ಎಂಟೂವರೆಗೆ ಹೊರಟದ್ದು ಹನ್ನೆರಡೂಕಾಲಿಗೆ ಇಳಿಯುತ್ತದೆ ಎಂದು ಮದುಮಗಳ ಮಾವನಿಗೆ ಫೋನಿನಲ್ಲಿ ಹೇಳಿದೆ. ಲೆಕ್ಕ ಸರಿಯೇ ಇತ್ತು, ಗಡಿಯಾರ ಮಾತ್ರ ನಮ್ಮದು. ದುಬೈಯದ್ದು ಒಂದೂವರೆ ಗಂಟೆ ಹಿಂದೆ, ಅಲ್ಲಿ ಆಗ ಹತ್ತೂಮುಕ್ಕಾಲು. ಹೂ ಹಿಡಿದುಕೊಂಡು ಹೋದ ಹುಡುಗ ಮೇ ತಿಂಗಳ ಸೆಕೆಯಲ್ಲಿ ಒಂದೂವರೆ ಗಂಟೆ ಹೊರಗೆ ನಿಂತ. ಪೆಟ್ಟಿಗೆ ಬಿಚ್ಚಿದಾಗ ಮೊಗ್ಗೆಲ್ಲ ಅರಳಿ, ಎಸಳಿನ ಅಂಚು ಚಹಾದ ಬಣ್ಣಕ್ಕೆ ತಿರುಗಿತ್ತಂತೆ. ಹಣ ಕೇಳಲು ನನಗೆ ಬಾಯಿ ಬರಲಿಲ್ಲ.

ಎರಡನೇ ಸಲ ಟಿಕೆಟು ಅಗ್ಗವೆಂದು ಮುಂಬೈ ಮೇಲೆ ಹೋಗುವವರ ಕೈಯಲ್ಲಿ ಕಳಿಸಿದೆ. ಇಲ್ಲಿಂದ ಮುಂಬೈ 715, ಅಲ್ಲಿಂದ ದುಬೈ 1,925. ಕೂಡಿದರೂ ನೇರ ದಾರಿಗಿಂತ ಇನ್ನೂರು ಕಿ.ಮೀ. ಹೆಚ್ಚಿಲ್ಲ. ಆದರೆ ಮುಂಬೈಯಲ್ಲಿ ಕಾದದ್ದೇ ಐದು ಗಂಟೆ. ಉಳಿದದ್ದು ಮೂರು ಸಾವಿರ, ಕಳೆದದ್ದು ಎಂಟು ಸಾವಿರ. ಹೂ ಬಾಡುವುದು ಹಾರುವಾಗ ಅಲ್ಲ, ಇಳಿದು ಹತ್ತುವಾಗ.

ಈಗ ನನ್ನ ಲೆಕ್ಕ ಹೀಗೆ: ಕಿ.ಮೀ.ಯನ್ನು 800ರಿಂದ ಭಾಗಿಸಿ, ಬಂದ ಹೊತ್ತಿಗೆ ಮೂವತ್ತೈದು ನಿಮಿಷ ಸೇರಿಸುವುದು. ಅದು ಏರಲು, ಇಳಿಯಲು, ರನ್‌ವೇವರೆಗೆ ಉರುಳಲು. ಬೆಂಗಳೂರು ಸುಮಾರು 305 ಕಿ.ಮೀ., ಒಂದು ಗಂಟೆ, ಮುಂಬೈ ಒಂದೂವರೆ. ಟಿಕೆಟಿನ ಹೊತ್ತಿಗೆ ತಾಳೆ ನೋಡಿದ್ದೇನೆ, ಹತ್ತು ಹದಿನೈದು ನಿಮಿಷಕ್ಕಿಂತ ಆಚೀಚೆ ಆಗಿಲ್ಲ. ಚಳಿಗಾಲದಲ್ಲಿ ದುಬೈಗೆ ಹೋಗುವಾಗ ಪಡುಗಾಳಿ ಎದುರು, ಇನ್ನೊಂದು ಕಾಲು ಗಂಟೆ ಇಟ್ಟುಕೊಳ್ಳಿ.

ಮಗಳ ಗ್ಲೋಬಿನ ಮೇಲೆ ಬಾಳೆನಾರು ಹಿಡಿದು ಅಳೆದದ್ದೂ ಉಂಟು. ಮೂವತ್ತು ಸೆಂ.ಮೀ. ಅಡ್ಡಳತೆಯ ಗ್ಲೋಬಿಗೆ ಒಂದು ಸೆಂ.ಮೀ. ಅಂದರೆ 425 ಕಿ.ಮೀ. ಚಿಲ್ಲರೆ. ದುಬೈಗೆ ಐದೂಮುಕ್ಕಾಲು ಬಂತು. ನಾರು ಒಣಗಿದ್ದೇ ಆಗಬೇಕು, ಒದ್ದೆಯದ್ದು ಹಿಗ್ಗುತ್ತದೆ.

ಮುಡಿಯುವ ಹೊತ್ತಿನಿಂದ ಹಿಂದಕ್ಕೆ ಎಣಿಸುತ್ತಾ ಬನ್ನಿ. ನಮ್ಮ ಪಕ್ಕದ ಕಟಪಾಡಿಯಿಂದ ಮೂಲ್ಕಿ, ಕಿನ್ನಿಗೋಳಿ, ಕಟೀಲು ದಾಟಿ ಬಜ್ಪೆಗೆ ಒಂದೂವರೆ ಗಂಟೆ, ಅಲ್ಲಿ ಮೂರು ಗಂಟೆ ಮುಂಚೆ ಇರಬೇಕು. ಮಳೆಗಾಲದಲ್ಲಿ ಬಜ್ಪೆಯ ಗುಡ್ಡಕ್ಕೆ ಮೋಡ ಕವಿದರೆ ಬರುವ ವಿಮಾನ ಬೇರೆ ಊರಿಗೆ ತಿರುಗುವುದುಂಟು. ಹೆಚ್ಚಾಗಿ ಅದೇ ವಿಮಾನ ವಾಪಸ್ ಹೋಗುವುದು. ಅದು ದುಬೈಯಿಂದ ಹೊರಟಿತೇ ಎಂದು ನೋಡದೆ ನಾನು ಪೆಟ್ಟಿಗೆ ಮುಚ್ಚುವುದಿಲ್ಲ. ಐಸು ತಾಗಿಸಬೇಡಿ, ಮೊಗ್ಗು ಕಪ್ಪಾಗುತ್ತದೆ. ಬಾಳೆಎಲೆಯ ಒಳಗೆ ಏನಿಡುತ್ತೇನೆ ಎಂಬುದು ನನ್ನ ಹತ್ತಿರವೇ ಇರಲಿ.

ಹೋದ ಡಿಸೆಂಬರಿನಲ್ಲಿ ಅಟ್ಟೆಗೆ ಎರಡು ಸಾವಿರ ದಾಟಿದಾಗ ಹತ್ತು ಅಟ್ಟೆ ಹೋಯಿತು. ಬೆಳಗ್ಗೆ ಆರಕ್ಕೆ ಕೊಯ್ದದ್ದನ್ನು ಮರುದಿನ ದುಬೈಯ ಏಳು ಗಂಟೆಗೆ ಮದುಮಗಳು ಮುಡಿದಳು, ಇಪ್ಪತ್ತಾರೂವರೆ ಗಂಟೆ. ಫೋಟೋದಲ್ಲಿ ಮೊಗ್ಗಿನ ತುದಿ ಆಗಷ್ಟೇ ಬಿರಿಯುತ್ತಿತ್ತು. ಅದೇ ಮನೆಯವರು ಸೀಮಂತಕ್ಕೂ ಹೇಳಿದ್ದಾರೆ, ಇಪ್ಪತ್ತು ಅಟ್ಟೆ.