ಡ್ಯುಯಲ್ ಕೋರ್ ಪ್ರೊಸೆಸರ್ ಹೋಲಿಸುವುದು ಹೇಗೆ?

ಗಿಗಾಹರ್ಟ್ಜ್ (ಸೆಕೆಂಡಿಗೆ ಎಷ್ಟು ನೂರು ಕೋಟಿ ಸೈಕಲ್ ಎಂಬ ವೇಗದ ಅಳತೆ) ನೋಡುವ ಮೊದಲು ಥ್ರೆಡ್ (ಚಿಪ್ ಏಕಕಾಲಕ್ಕೆ ನಡೆಸಬಲ್ಲ ಕೆಲಸದ ಸಾಲು) ಎಷ್ಟಿವೆ ನೋಡಿ. ಇಂಟೆಲ್‌ನ ಪೆಂಟಿಯಂ ಜಿ3258 (2014) 3.2 ಗಿಗಾಹರ್ಟ್ಜ್‌ನದು, ಓವರ್‌ಕ್ಲಾಕ್ (ನಿಗದಿತ ವೇಗಕ್ಕಿಂತ ಹೆಚ್ಚು ಓಡಿಸುವುದು) ಕೂಡ ಆಗುತ್ತದೆ; ಆದರೆ ಇರುವುದು ಎರಡೇ ಥ್ರೆಡ್. ಪೆಂಟಿಯಂ ಜಿ4560 (2017) ಕೂಡ ಎರಡು ಕೋರ್‌ನದೇ: 3.5 ಗಿಗಾಹರ್ಟ್ಜ್, ನಾಲ್ಕು ಥ್ರೆಡ್. ಬ್ರೌಸರ್, ಡೌನ್‌ಲೋಡ್, ಆ್ಯಂಟಿವೈರಸ್ ಒಟ್ಟಿಗೆ ಓಡುವಾಗ ಎರಡನೆಯದೇ ಮೇಲು. ನಾಲ್ಕು ಥ್ರೆಡ್ ಇಲ್ಲದಿದ್ದರೆ ಕೆಲವು ಗೇಮ್‌ಗಳು ಶುರುವಾಗುವುದೇ ಇಲ್ಲ.

ಬೇರೆ ಬೇರೆ ತಲೆಮಾರಿನ ಚಿಪ್‌ಗಳಿಗೆ ಗಿಗಾಹರ್ಟ್ಜ್ ಹೋಲಿಕೆ ಸಲ್ಲದು. 2008ರ ಕೋರ್ 2 ಡ್ಯುಯೋ ಇ8400 ಕೂಡ 3 ಗಿಗಾಹರ್ಟ್ಜ್‌ನದೇ, ಆದರೆ ಪ್ರತಿ ಸೈಕಲ್‌ಗೆ ಮಾಡುವ ಕೆಲಸ ಕಡಿಮೆ.

ಆಮೇಲೆ ಎವಿಎಕ್ಸ್, ಅಂದರೆ ಒಂದೇ ಸಲ ಹಲವು ಸಂಖ್ಯೆಗಳ ಲೆಕ್ಕ ಮಾಡುವ, ಚಿಪ್‌ನಲ್ಲೇ ಇರುವ ಆದೇಶಗಳು. ಜಿ4560ರಲ್ಲಿ ಇದಿಲ್ಲ, ಎಎಂಡಿಯ ಅಥ್ಲಾನ್ 200ಜಿಇಯಲ್ಲಿ ಇದೆ. ಎವಿಎಕ್ಸ್ ಬೇಡುವ ಗೇಮ್ ಅದಿಲ್ಲದ ಚಿಪ್‌ನಲ್ಲಿ ತೆರೆದ ಕೂಡಲೇ ಮುಚ್ಚಿಕೊಳ್ಳುತ್ತದೆ. ಡ್ರೈವರ್ ಬದಲಿಸಿ ಪ್ರಯೋಜನವಿಲ್ಲ. 200ಜಿಇಯ ಒಳಗಿನ ಗ್ರಾಫಿಕ್ಸ್ ನಂಬಿಕೊಂಡರೆ 8 ಜಿಬಿಯ ಒಂದೇ ಮೆಮೊರಿ (ರ್‍ಯಾಮ್) ಸ್ಟಿಕ್ ಬದಲು 4 ಜಿಬಿಯ ಎರಡು ಹಾಕಿ, ಡ್ಯುಯಲ್ ಚಾನೆಲ್ (ಮೆಮೊರಿಗೆ ಎರಡು ದಾರಿ) ಸಿಗುತ್ತದೆ.

ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಗೇಮ್‌ನ ರೆಸಲ್ಯೂಶನ್ ಅನ್ನು 1080ಪಿಯಿಂದ 720ಪಿಗೆ ಇಳಿಸಿ. ಫ್ರೇಮ್ ದರ ಏರದಿದ್ದರೆ ತಡೆ ಹೆಚ್ಚಾಗಿ ಪ್ರೊಸೆಸರ್‌ನದೇ. ಸರಾಸರಿಗಿಂತ ಅತಿ ನಿಧಾನದ ಶೇ. 1ರಷ್ಟು ಫ್ರೇಮ್‌ಗಳ ಅಂಕಿ ನೋಡಿ: ಸರಾಸರಿ ಸೆಕೆಂಡಿಗೆ 60 ಫ್ರೇಮ್ ಇದ್ದು ಅದು 20ಕ್ಕೆ ಕುಸಿದರೆ ಆಟ ಮುಗ್ಗರಿಸುತ್ತದೆ. ಅಂಥ ಕಡೆ ನಾಲ್ಕು ಕೋರ್ ಚಿಪ್‌ಗೇ ಹೋಗಿ.